ಪೆನ್ ಡ್ರೈವ್ ಬರುತ್ತೆ, ಕೀಬೋರ್ಡ್ ಬರಲ್ಲ. ಬೋರ್ಡಿನ ಯುಎಸ್‌ಬಿ ಪೋರ್ಟ್ ಕೆಟ್ಟಿದೆಯಾ?

ಕೆಟ್ಟಿಲ್ಲ, ಬೋರ್ಡ್ ಬದಲಾಯಿಸಬೇಡಿ. ನೀವು ಹೇಳಿದ್ದು ಇಷ್ಟು: ಆಲ್‌ವಿನ್ನರ್ ಕಂಪನಿಯ ಚಿಪ್ಪಿರುವ ಲಿನಕ್ಸ್ ಬೋರ್ಡ್, ಕರ್ನಲ್ (ಲಿನಕ್ಸಿನ ತಿರುಳು) ಚಿಕ್ಕದಾಗಲಿ ಅಂತ ಬೇಡದ್ದನ್ನೆಲ್ಲ ತೆಗೆದು ನೀವೇ ಬಿಲ್ಡ್ ಮಾಡಿದ್ದೀರಿ. ಪೆನ್ ಡ್ರೈವ್ ಹಾಕಿದರೆ ತಕ್ಷಣ ಬರುತ್ತದೆ. ಅದೇ ಪೋರ್ಟಿಗೆ ಕೀಬೋರ್ಡ್ ಹಾಕಿದರೆ ಕರ್ನಲ್ ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಆ ‘ಒಂದು ಸಾಲೂ ಇಲ್ಲ’ ಅನ್ನೋದೇ ದೊಡ್ಡ ಸುಳಿವು.

ಗಂಗಾವತಿ ಹತ್ತಿರ ಒಂದು ರೈಸ್ ಮಿಲ್ಲಿನ ಕಾಟಾದಲ್ಲಿ (ಲಾರಿ ತೂಗುವ ಜಾಗ) ನಾನೂ ಇದೇ ಗುಂಡಿಗೆ ಬಿದ್ದಿದ್ದೆ. ತೂಕದ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್, ಅದಕ್ಕೊಂದು ಯುಎಸ್‌ಬಿ ಕನ್ವರ್ಟರ್, ಲಾರಿ ನಂಬರ್ ಹೊಡೆಯಲು ಕೀಬೋರ್ಡ್. ಎರಡೂ ಕಾಣಲಿಲ್ಲ. ಹೊರಗೆ ನೆಲ್ಲಿನ ಲಾರಿಗಳು ಸಾಲು ನಿಂತಿದ್ದವು. ಗುಮಾಸ್ತರು ಹಳೇ ರಸೀದಿ ಬುಕ್ ತೆಗೆದು, “ತಮ್ಮಾ, ಕೈಲೇ ಬರೀಲೇನು?” ಅಂದರು. ನಾನು ಮೂರು ಕೀಬೋರ್ಡ್ ಬದಲಾಯಿಸಿದೆ. ಸುಮ್ನೆ ಕನೆಕ್ಟರ್‌ಗೆ ಮತ್ತೆ ಸೋಲ್ಡರ್ ಬೇರೆ ಹಾಕಿದೆ. ಅರ್ಧ ದಿನ ಹೋಯಿತು.

ವಿಷಯ ಏನಂದರೆ, ಇಂಥ ಚಿಪ್ಪುಗಳಲ್ಲಿ ಒಂದೇ ಪೋರ್ಟಿನ ಹಿಂದೆ ಇಬ್ಬರು ಕೂತಿರುತ್ತಾರೆ. ಇಎಚ್‌ಸಿಐ ಅನ್ನೋ ಕಂಟ್ರೋಲರ್ (ಪೋರ್ಟನ್ನು ನಡೆಸುವ ಭಾಗ) ಸೆಕೆಂಡಿಗೆ 480 ಮೆಗಾಬಿಟ್ ವೇಗದ ಸಾಮಾನು ಮಾತ್ರ ನೋಡಿಕೊಳ್ಳುತ್ತದೆ. ಈಗಿನ ಪೆನ್ ಡ್ರೈವ್ ಆ ಸಾಲಿನದು. ಸಾದಾ ಕೀಬೋರ್ಡ್ ಓಡುವುದು 1.5 ಮೆಗಾಬಿಟ್‌ನಲ್ಲಿ. ಸಿಎಚ್340 ಥರದ ಸೀರಿಯಲ್ ಕನ್ವರ್ಟರ್ 12ರಲ್ಲಿ. ಇಂಥವು ಬಂದಾಗ ಇಎಚ್‌ಸಿಐ ‘ಇದು ನನ್ನದಲ್ಲ’ ಅಂತ ಪೋರ್ಟನ್ನು ಪಕ್ಕದ ಒಎಚ್‌ಸಿಐ ಅನ್ನೋ ನಿಧಾನದ ಕಂಟ್ರೋಲರ್‌ಗೆ ದಾಟಿಸಿ ಸುಮ್ಮನಾಗುತ್ತದೆ. ಒಎಚ್‌ಸಿಐ ಡ್ರೈವರ್ರೇ ಕರ್ನಲ್‌ನಲ್ಲಿ ಇಲ್ಲದಿದ್ದರೆ? ತಗೊಳ್ಳೋರು ಯಾರೂ ಇಲ್ಲ. ಅದಕ್ಕೇ ಎರರ್ ಕೂಡ ಬರಲ್ಲ.

ಖಚಿತ ಮಾಡಿಕೊಳ್ಳಲು ಒಂದು ಯುಎಸ್‌ಬಿ 2.0 ಹಬ್ ತನ್ನಿ. ಬೋರ್ಡಿಗೆ ಹಬ್, ಹಬ್ಬಿಗೆ ಕೀಬೋರ್ಡ್. ಹಬ್ ಬೋರ್ಡಿನ ಜೊತೆ 480ರಲ್ಲೇ ಮಾತಾಡುತ್ತದೆ, ಕೀಬೋರ್ಡಿನ ನಿಧಾನದ ಮಾತನ್ನು ತಾನೇ ನಡುವೆ ನಿಂತು ದಾಟಿಸುತ್ತದೆ. ಹಬ್ ಮೂಲಕ ಕೀಬೋರ್ಡ್ ಬಂತು ಅಂದರೆ ರೋಗ ಸಿಕ್ಕಿತು. ನಾನು ಅವತ್ತು ಸಂಜೆ ಹಬ್ ಹಾಕಿಯೇ ಕಾಟಾ ಶುರು ಮಾಡಿಸಿದ್ದು.

ಆಮೇಲೆ ಯುಎಸ್‌ಬಿ ಸಾಮಾನಿನ ಪಟ್ಟಿ ತೋರಿಸುವ ‘ಎಲ್‌ಎಸ್‌ಯುಎಸ್‌ಬಿ’ (lsusb) ಕಮಾಂಡನ್ನು ಮೈನಸ್ ಟಿ (-t) ಹಾಕಿ ಓಡಿಸಿ. ಸರಿ ಇರುವ ಬೋರ್ಡಿನಲ್ಲಿ 480 ಎಂ ಅಂತ ಒಂದು ರೂಟ್ ಹಬ್ (ಇಎಚ್‌ಸಿಐನದು), 12 ಎಂ ಅಂತ ಅದರ ಜೋಡಿ (ಒಎಚ್‌ಸಿಐನದು) ಕಾಣಬೇಕು. ನಿಮ್ಮಲ್ಲಿ 12 ಎಂ ಇರಲ್ಲ ಅಂತ ನನ್ನ ಅಂದಾಜು. ಕರ್ನಲ್ ಕಾನ್ಫಿಗ್‌ನಲ್ಲಿ ಒಎಚ್‌ಸಿಐ ಮತ್ತು ಅದರ ಪ್ಲಾಟ್‌ಫಾರ್ಮ್ ಡ್ರೈವರ್ ಆನ್ ಮಾಡಿ. ಡಿವೈಸ್ ಟ್ರೀಯಲ್ಲಿ (ಬೋರ್ಡಿನಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳುವ ಫೈಲ್) ಆ ಪೋರ್ಟಿನ ಒಎಚ್‌ಸಿಐ ನೋಡ್‌ಗೂ ಸ್ಟೇಟಸ್ ‘ಓಕೆ’ (okay) ಇದೆಯಾ ನೋಡಿ. ಇಎಚ್‌ಸಿಐಗೆ ಮಾತ್ರ ಹಾಕಿ ಇದನ್ನು ಮರೆಯೋದು ಜಾಸ್ತಿ. ಎಕ್ಸ್‌ಎಚ್‌ಸಿಐ ಅನ್ನೋ ಹೊಸ ಕಂಟ್ರೋಲರ್ ಇರುವ ಬೋರ್ಡಿನಲ್ಲಿ ಈ ತಲೆನೋವಿಲ್ಲ, ಎಲ್ಲ ವೇಗವನ್ನೂ ಅದೊಂದೇ ನೋಡುತ್ತದೆ.

ಲಾಗ್‌ನಲ್ಲಿ ಮೈನಸ್ 71 (ಮಾತುಕತೆ ಕೆಟ್ಟಿದೆ) ಅಥವಾ ಮೈನಸ್ 110 (ಸಮಯಕ್ಕೆ ಉತ್ತರ ಬರಲಿಲ್ಲ) ಎರರ್ ಬರುತ್ತಿದ್ದರೆ ಕಥೆ ಬೇರೆ. ಆಗ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಪೋರ್ಟಿನ 5 ವೋಲ್ಟ್ ಲೈನನ್ನು ಖಾಲಿ ಅಳೆದು ಸಮಾಧಾನ ಪಡಬೇಡಿ, ಸಾಮಾನು ಹಾಕಿ ಓಡುತ್ತಿರುವಾಗ ಅಳೆಯಿರಿ. 4.75ಕ್ಕಿಂತ ಕೆಳಗೆ ಇಳಿದರೆ ಅಡಾಪ್ಟರ್ ಅಥವಾ ಕೇಬಲ್ ಮೇಲೆ ಅನುಮಾನ ಪಡಿ.

ಇನ್ನೊಂದು. ಅದೇ ಮಿಲ್ಲಿನಲ್ಲಿ ಒಎಚ್‌ಸಿಐ ಸರಿ ಮಾಡಿದ ಮೇಲೂ ದೊಡ್ಡ ಮೋಟರ್ ಶುರುವಾದಾಗೆಲ್ಲ ಕನ್ವರ್ಟರ್ ಬಿಟ್ಟು ಹೋಗುತ್ತಿತ್ತು. ಲಾಗ್‌ನಲ್ಲಿ ಕರ್ನಲ್ಲೇ ‘ಡಿಸೇಬಲ್ಡ್ ಬೈ ಹಬ್, ಇಎಂಐ?’ ಅಂತ ಪ್ರಶ್ನೆ ಚಿಹ್ನೆ ಸಮೇತ ಬರೆದಿತ್ತು. ಇಎಂಐ ಅಂದರೆ ಪಕ್ಕದ ವಿದ್ಯುತ್ ಉಪಕರಣದಿಂದ ಬರುವ ಅಡಚಣೆ. ಮೋಟರ್ ವೈರ್ ಪಕ್ಕದಲ್ಲೇ ಓಡುತ್ತಿದ್ದ ಉದ್ದದ ಯುಎಸ್‌ಬಿ ಕೇಬಲ್ ತೆಗೆದು ಗಿಡ್ಡದು ಹಾಕಿದೆ, ಉಳಿದ ದೂರಕ್ಕೆ ಸೀರಿಯಲ್ ಕೇಬಲ್ಲನ್ನೇ ಉದ್ದ ಮಾಡಿದೆ. ಆಮೇಲೆ ಬಿಡಲಿಲ್ಲ.

ಹಬ್ ಹಾಕಿ ನೋಡಿ. ಅದರಲ್ಲೂ ಕೀಬೋರ್ಡ್ ಬರದಿದ್ದರೆ ಎಲ್‌ಎಸ್‌ಯುಎಸ್‌ಬಿ ಔಟ್‌ಪುಟ್ ಇಲ್ಲಿ ಹಾಕಿ, ನೋಡೋಣ.