ಕರೆಂಟ್ ಹೋಗಿ ಬಂದಾಗಲೆಲ್ಲ ರೂಟರ್ ರಾಮನ್‌ನಲ್ಲಿ ನಿಲ್ಲುತ್ತೆ, ಸ್ಕ್ರಿಪ್ಟ್‌ನಿಂದ ಎಬ್ಬಿಸಬಹುದಾ?
ಬೀದರ್ ಶಾಖೆಯ ಸಿಸ್ಕೊ ರೂಟರ್ ರಾಮನ್ (ROMMON, ಮುಖ್ಯ ಸಾಫ್ಟ್‌ವೇರ್ ಶುರುವಾಗೋಕೆ ಮುಂಚಿನ ಪುಟ್ಟ ಪ್ರೋಗ್ರಾಂ) ಪ್ರಾಂಪ್ಟ್‌ನಲ್ಲೇ ಕೂತುಬಿಡುತ್ತೆ, ಪಕ್ಕದಲ್ಲಿ ರಾಸ್‌ಬೆರಿ ಪೈ ಕನ್ಸೋಲ್ ಸರ್ವರ್ (ರೂಟರಿನ ಕನ್ಸೋಲ್ ಪೋರ್ಟಿಗೆ ಕೇಬಲ್ ಹಾಕಿದ ಪುಟ್ಟ ಕಂಪ್ಯೂಟರ್) ಇದೆ, ತಾನಾಗೇ ಬೂಟ್ ಆಗೋ ಹಾಗೆ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು. ಆದರೆ ಮೊದಲು ರೂಟರ್ ಬೂಟ್ ಆಗಿರುವಾಗ ಶೋ ವರ್ಷನ್ ಕಮಾಂಡ್ ಕೊಟ್ಟು ಕೊನೆಯ ಸಾಲು ನೋಡಿ. ಅಲ್ಲಿ ಕಾನ್ಫಿಗರೇಶನ್ ರಿಜಿಸ್ಟರ್ (ಹೇಗೆ ಬೂಟ್ ಆಗಬೇಕು ಅನ್ನೋ ಸೆಟ್ಟಿಂಗ್) 0ಎಕ್ಸ್2100 ಅಂತಿದ್ದರೆ ರೂಟರ್ ಪ್ರತಿ ಸಲ ಅಲ್ಲೇ ನಿಲ್ಲುತ್ತೆ. 0ಎಕ್ಸ್2102 ಮಾಡಿದರೆ ಸ್ಕ್ರಿಪ್ಟೇ ಬೇಕಾಗಲ್ಲ.

ಪೈ ಯುಪಿಎಸ್ ಮೇಲಿದೆಯಾ ಅಂತಲೂ ನೋಡಿ. ರೂಟರ್ ಆನ್ ಆದ ಮೊದಲ 60 ಸೆಕೆಂಡಿನಲ್ಲಿ ಕನ್ಸೋಲಿಗೆ ಬ್ರೇಕ್ ಸಿಗ್ನಲ್ ಬಂದರೆ ಅದು ರಾಮನ್‌ಗೆ ಹೋಗುತ್ತೆ. ಎರಡಕ್ಕೂ ಒಟ್ಟಿಗೆ ಕರೆಂಟ್ ಬಂದಾಗ ಯುಎಸ್‌ಬಿ ಕೇಬಲ್ ಕಡೆಯಿಂದ ಅಂಥದ್ದೇ ಏನೋ ಹೋಗಿರಬಹುದು.

ಇವೆರಡೂ ಸರಿ ಇದ್ದರೆ ಪೈಥಾನ್‌ನಲ್ಲಿ ಪೆಕ್ಸ್‌ಪೆಕ್ಟ್ (ಪ್ರಾಂಪ್ಟ್ ಓದಿ ಉತ್ತರ ಕಳಿಸೋ ಲೈಬ್ರರಿ) ಸಾಕು. ಆದರೆ ನನ್ನ ಅನುಭವ ಕೇಳಿ. ನಾನಿರೋದು ಕಲಬುರಗಿಯಲ್ಲಿ, ಯಾದಗಿರಿ ಕಡೆಯ ಶಾಖೆಗಳನ್ನೂ ನೋಡಿಕೊಳ್ಳಬೇಕು. ಮೊದಲೆಲ್ಲ ರಾತ್ರಿ ವಾಚ್‌ಮನ್‌ಗೆ ಫೋನ್ ಮಾಡಿ, "ಕಾಕಾ, ಆ ಕರಿ ಡಬ್ಬಿ ಬಂದ್ ಮಾಡ್ರಿ, ಹತ್ತು ಎಣಿಸಿ ಚಾಲೂ ಮಾಡ್ರಿ" ಅಂತಿದ್ದೆ. ಆಮೇಲೆ ಸ್ಕ್ರಿಪ್ಟ್ ಬರೆದೆ: ರೂಟರ್ ಪಿಂಗ್‌ಗೆ ಉತ್ತರ ಕೊಡದಿದ್ದರೆ ಅದರ ಕನ್ಸೋಲ್ ಪೋರ್ಟ್ ತೆರೆದು, ಲಾಗಿನ್ ಆಗಿ, ರೀಲೋಡ್ (ಮರುಬೂಟ್) ಕೊಡು. ಮೇ ತಿಂಗಳ ಒಂದು ಸಂಜೆ ಗುಡುಗು ಮಳೆಗೆ ಕರೆಂಟ್ ಹೋಯ್ತು, ಪೈ ಮತ್ತೆ ಆನ್ ಆದಾಗ ಕನ್ಸೋಲ್ ಕೇಬಲ್‌ಗಳಿಗೆ ಪೈ ಕೊಡೋ ಹೆಸರು ಟಿಟಿವೈ-ಯುಎಸ್‌ಬಿ0 ಮತ್ತು 1 ಅದಲು ಬದಲಾಗಿದ್ದವು, ಸ್ಕ್ರಿಪ್ಟ್ ಹೋಗಿ ಚೆನ್ನಾಗಿ ನಡೆಯುತ್ತಿದ್ದ ಇನ್ನೊಂದು ರೂಟರ್‌ಗೆ ರೀಲೋಡ್ ಕೊಟ್ಟಿತು. ಇಡೀ ಆಫೀಸಿನ ಲಿಂಕ್ ಬಿತ್ತು.

ಸಾಮಾನ್ಯ ಪ್ರಾಂಪ್ಟ್‌ನಲ್ಲಿ ರೂಟರ್ ತನ್ನ ಹೆಸರು ಹೇಳುತ್ತೆ, ಹೋಲಿಸಿ ನೋಡಬಹುದು. ರಾಮನ್‌ನಲ್ಲಿ ಹೆಸರೇ ಇಲ್ಲ, ಎಲ್ಲವೂ "ರಾಮನ್ 1 >" ಅಷ್ಟೇ. ಹಾಗಾಗಿ ಪೋರ್ಟ್ ತಪ್ಪಿದರೆ ಸ್ಕ್ರಿಪ್ಟ್‌ಗೆ ಗೊತ್ತಾಗೋ ದಾರಿನೇ ಇಲ್ಲ. ಪೈನಲ್ಲಿ /dev/serial/by-path ಫೋಲ್ಡರಿನ ಹೆಸರು ಬಳಸಿ, ಅದು ಕೇಬಲ್ ಯಾವ ತೂತಿನಲ್ಲಿದೆ ಅನ್ನೋದರ ಮೇಲೆ ನಿಲ್ಲುತ್ತೆ. ಆ ತೂತಿನ ಪಕ್ಕ ರೂಟರ್ ಹೆಸರು ಬರೆದು ಚೀಟಿ ಅಂಟಿಸಿ.

ಈಗ ನನ್ನ ಸ್ಕ್ರಿಪ್ಟ್ ಒಂದೇ ಒಂದು ಎಂಟರ್ ಕಳಿಸಿ ಸುಮ್ನೆ ಓದುತ್ತೆ. ರಾಮನ್ ಕಂಡರೆ ಮಾತ್ರ ಫ್ಲ್ಯಾಶ್‌ನಲ್ಲಿ (ರೂಟರಿನ ಮೆಮೊರಿ) ಇಮೇಜ್, ಅಂದರೆ ಮುಖ್ಯ ಸಾಫ್ಟ್‌ವೇರ್ ಫೈಲ್, ಇದೆಯಾ ನೋಡಿ ಒಂದು ಸಲ ಬೂಟ್ ಕೊಡುತ್ತೆ. ಬೇರೇನೇ ಬಂದರೂ, ಎರಡನೇ ಸಲ ರಾಮನ್ ಬಂದರೂ, ಏನೂ ಮುಟ್ಟದೆ ನನಗೆ ಮೆಸೇಜ್ ಹಾಕುತ್ತೆ. ಆ ಮೆಸೇಜ್ ಹೋಗೋಕೆ ಪೈಗೆ ಬೇರೆ 4ಜಿ ಡಾಂಗಲ್ ಬೇಕು, ಬಿದ್ದಿರೋ ರೂಟರ್ ಮೂಲಕ ಹೋಗಲ್ಲ ಅಲ್ವಾ.

ಫ್ಲ್ಯಾಶ್‌ನಲ್ಲಿ ಎರಡು ಇಮೇಜ್ ಇಡಿ. ಒಂದೇ ಇದ್ದು ಅದೂ ಕೆಟ್ಟು, ಕನ್ಸೋಲ್ ಮೂಲಕವೇ ಎಕ್ಸ್‌ಮೋಡೆಮ್‌ನಲ್ಲಿ (ಸೀರಿಯಲ್ ಕೇಬಲ್‌ನಲ್ಲಿ ಫೈಲ್ ಕಳಿಸೋ ಹಳೆಯ ವಿಧಾನ) ಕಳಿಸೋ ಗತಿ ಬಂದರೆ 9600 ಬಾಡ್ ವೇಗದಲ್ಲಿ ಸೆಕೆಂಡಿಗೆ ಸುಮಾರು 960 ಬೈಟ್, 20 ಎಂಬಿಗೆ ಹತ್ತಿರ ಹತ್ತಿರ 6 ಗಂಟೆ.

ರಾಮನ್ ಬರೋಕೆ ಮುಂಚಿನ ಹತ್ತಿಪ್ಪತ್ತು ಸಾಲು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.