ಮಗಳ ಇಂಗ್ಲಿಷ್ ಪ್ರಬಂಧ ಸಪ್ಪೆ ಅನ್ನೋ ಪ್ರಶ್ನೆಗೆ

ಅಕ್ಕಾ, ನೀವು ಹಾಕಿದ ಫೋಟೋ ಪೂರ್ತಿ ಓದಿದೆ. ಹತ್ತನೇ ತರಗತಿ ಮಗಳು ‘ಮೈ ವಿಲೇಜ್’ ಅಂತ ಒಂದು ಪುಟ ಬರೆದಿದ್ದಾಳೆ. ಸ್ಪೆಲಿಂಗ್ ತಪ್ಪಿಲ್ಲ, ಅಕ್ಷರ ದುಂಡಗಿದೆ, ಆದ್ರೂ ಮೇಷ್ಟ್ರು ಕೆಳಗೆ ‘ನಾಟ್ ಇಂಟರೆಸ್ಟಿಂಗ್’ ಅಂತ ಬರೆದು ಅರ್ಧ ಅಂಕ ಕೊಟ್ಟಿದ್ದಾರೆ. ಮನೇಲಿ ಯಾರಿಗೂ ಇಂಗ್ಲಿಷ್ ಬರಲ್ಲ, ಏನು ಮಾಡೋದು ಅಂತ ಕೇಳಿದ್ದೀರಿ. ಮೇಲೆ ಒಬ್ಬರು ಸರ್ ಹತ್ತು ಕೊಟೇಶನ್, ಐವತ್ತು ಕಷ್ಟದ ಪದ ಬಾಯಿಪಾಠ ಮಾಡಿಸಿ ಅಂದಿದ್ದಾರೆ. ಅದನ್ನ ಶುರು ಮಾಡೋಕೆ ಮೊದಲು ಇದನ್ನೊಂದು ಸಲ ಓದಿ. ಇಂಗ್ಲಿಷ್ ವಾಕ್ಯಗಳನ್ನ ಕನ್ನಡ ಲಿಪಿಯಲ್ಲೇ ಹಾಕ್ತೀನಿ, ಮನೆಯಲ್ಲಿ ಯಾರು ಬೇಕಾದ್ರೂ ಜೋರಾಗಿ ಓದಬಹುದು.

ಅವಳ ಮೊದಲ ನಾಲ್ಕು ವಾಕ್ಯ: ‘ಮೈ ವಿಲೇಜ್ ಈಸ್ ವೆರಿ ಬ್ಯೂಟಿಫುಲ್. ದೇರ್ ಆರ್ ಮೆನಿ ಟ್ರೀಸ್. ದ ಪೀಪಲ್ ಆರ್ ವೆರಿ ಗುಡ್. ಅಗ್ರಿಕಲ್ಚರ್ ಈಸ್ ದ ಮೇನ್ ಆಕ್ಯುಪೇಶನ್.’ ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ಆದ್ರೆ ನಿಮ್ಮ ಮಂಡ್ಯದ ಜಾಗದಲ್ಲಿ ಬೀದರ್ ಅಂತ ಇಡಿ, ಪಂಜಾಬ್ ಅಂತ ಇಡಿ, ನಾಲ್ಕೂ ವಾಕ್ಯ ಹಾಗೇ ನಿಲ್ಲುತ್ತೆ. ಇದೇ ಪರೀಕ್ಷೆಯನ್ನ ಪ್ರತಿ ವಾಕ್ಯಕ್ಕೂ ಹಚ್ಚಬೇಕು: ಊರ ಹೆಸರು ಬದಲಾಯಿಸಿದ್ರೂ ವಾಕ್ಯ ಸರಿಯಾಗೇ ಇದೆಯಾ? ಇದ್ರೆ ಅದು ಗೈಡ್‌ನಿಂದ ಬಂದದ್ದು, ಅವಳ ಕಣ್ಣಿಂದ ಬಂದದ್ದಲ್ಲ. ಪೇಪರ್ ತಿದ್ದೋರು ಒಂದೇ ಕೂತಲ್ಲಿ ಇಂಥ ಹತ್ತಾರು ಪುಟ ಓದ್ತಾರೆ. ಎಲ್ಲದರಲ್ಲೂ ‘ವೆರಿ ಬ್ಯೂಟಿಫುಲ್’ ಇದ್ರೆ ಯಾವುದೂ ನೆನಪಲ್ಲಿ ಉಳಿಯಲ್ಲ.

ಹಾಗಾಗಿ ಮೊದಲ ಕೆಲಸ ಇಂಗ್ಲಿಷಿನದ್ದಲ್ಲ, ನೋಟದ್ದು. ಇದನ್ನ ಕನ್ನಡದಲ್ಲೇ ಮಾಡಿಸಿ. ವಿಷಯ ‘ನನ್ನ ಹಳ್ಳಿ’ ಅಂತ ಇದ್ರೆ ಇಡೀ ಹಳ್ಳಿ ಬೇಡ. ಒಂದು ಜಾಗ, ಒಂದು ಗಂಟೆ ಸಾಕು. ನಿಮ್ಮೂರಲ್ಲಿ ಆಲೆಮನೆ ಇದೆ ಅಂತ ಹಿಂದೆ ಇದೇ ಗುಂಪಲ್ಲಿ ಹೇಳಿದ್ರಿ, ಅದನ್ನೇ ತಗೊಳ್ಳೋಣ: ಸಂಜೆ 5ರಿಂದ 6, ಆಲೆಮನೆ. ಹತ್ತು ನಿಮಿಷದಲ್ಲಿ ಹದಿನೈದು ಸಂಗತಿ ಪಟ್ಟಿ ಮಾಡಲಿ. ಗಾಣಕ್ಕೆ ಕಬ್ಬು ಕೊಡೋರು ಯಾರು, ಕೊಪ್ಪರಿಗೆ ಎಷ್ಟು ಅಗಲ, ಒಲೆಗೆ ಹಾಕೋದು ಒಣಗಿದ ಕಬ್ಬಿನ ಸಿಪ್ಪೆ, ಕಬ್ಬಿನ ಹಾಲು ಶುದ್ಧವಾಗಲಿ ಅಂತ ಹಾಕೋ ಸುಣ್ಣ, ಬೆಂಡೆ ಗಿಡದ ಲೋಳೆ, ಮೇಲೆ ಬರೋ ಕಪ್ಪು ಮಡ್ಡಿ, ಪಾಕ ಬಂತಾ ಅಂತ ನೀರಲ್ಲಿ ಹಾಕಿ ಬೆರಳಲ್ಲಿ ಹಿಡಿದು ನೋಡೋದು, ಅಚ್ಚಿಗೆ ಸುರಿಯೋದು, ಆಗ ಬರೋ ಘಮ. ಹದಿನೈದರಲ್ಲಿ ಐದನ್ನ ಉಳಿಸಿ, ಹತ್ತನ್ನ ಬಿಡಿಸಿ. ಎಲ್ಲವನ್ನೂ ತುರುಕಿದ್ರೆ ಮತ್ತೆ ಪಟ್ಟಿಯಾಗುತ್ತೆ, ಪ್ರಬಂಧ ಆಗಲ್ಲ.

ಈಗ ಇಂಗ್ಲಿಷಿಗೆ ಬನ್ನಿ. ಐದು ಸಂಗತಿಗೆ ಐದು ಕ್ರಿಯಾಪದ ಹುಡುಕಲಿ, ಹೆಸರು ಪದ ಆಮೇಲೆ. ಕ್ರಷ್ (ಅರೆಯೋದು), ಸ್ಕಿಮ್ (ಮೇಲಿನ ಮಡ್ಡಿ ತೆಗೆಯೋದು), ಸ್ಟರ್ (ತಿರುವೋದು), ಥಿಕನ್ (ಗಟ್ಟಿಯಾಗೋದು), ಪೋರ್ (ಸುರಿಯೋದು). ಒಂದೂ ದೊಡ್ಡ ಪದ ಅಲ್ಲ, ಆದ್ರೆ ಒಂದೊಂದೂ ಕಣ್ಣಿಗೆ ಕಾಣೋ ಒಂದು ಕೆಲಸ ತೋರಿಸುತ್ತೆ. ಆಗ ಆರಂಭ ಹೀಗೆ ಬರಬಹುದು:

‘ದ ಕ್ರಷರ್ ಸ್ಟಾಪ್ಸ್ ಅಟ್ ಫೈವ್. ಬೈ ದೆನ್ ದ ಪ್ಯಾನ್ ಇನ್ ದ ಆಲೆಮನೆ, ದ ಶೆಡ್ ವೇರ್ ಕೇನ್ ಜ್ಯೂಸ್ ಈಸ್ ಬಾಯ್ಲ್ಡ್ ಇಂಟು ಜ್ಯಾಗರಿ, ಹ್ಯಾಸ್ ಬೀನ್ ಬಬ್ಲಿಂಗ್ ಫಾರ್ ಟೂ ಅವರ್ಸ್. ಒನ್ ಮ್ಯಾನ್ ಸ್ಕಿಮ್ಸ್ ದ ಡಾರ್ಕ್ ಸ್ಕಮ್ ಆಫ್ ದ ಟಾಪ್. ಅನದರ್ ಪುಶಸ್ ಡ್ರೈ ಕೇನ್ ಇಂಟು ದ ಫೈರ್. ನೋಬಡಿ ಟಾಕ್ಸ್.’

ಇದರಲ್ಲಿ ‘ಬ್ಯೂಟಿಫುಲ್’ ಇಲ್ಲ, ‘ವೆರಿ’ ಇಲ್ಲ. ಎರಡನೇ ವಾಕ್ಯ ಉದ್ದ, ಕೊನೆಯದು ಎರಡೇ ಪದ. ಉದ್ದದ ಪಕ್ಕ ಗಿಡ್ಡ ಬಂದಾಗ ಓದೋರ ಕಿವಿ ಎಚ್ಚರವಾಗುತ್ತೆ. ಅವಳ ಪುಟದಲ್ಲಿ ಬಹುತೇಕ ಎಲ್ಲಾ ವಾಕ್ಯವೂ ನಾಲ್ಕೈದು ಪದದ್ದು, ಅದಕ್ಕೇ ಮಗ್ಗಿ ಓದಿದ ಹಾಗೆ ಕೇಳಿಸುತ್ತೆ. ಇನ್ನೊಂದು ಗಮನಿಸಿ: ಆಲೆಮನೆ ಅನ್ನೋ ಪದವನ್ನ ಹಾಗೇ ಇಟ್ಟು, ಎರಡು ಕಾಮಾದ ನಡುವೆ ಒಂದೇ ಸಲ ಅರ್ಥ ಹೇಳಿದೆ. ಮುದ್ದೆ, ಹಬ್ಬದ ಹೆಸರು, ಕೃಷಿಯ ಪದ ಎಲ್ಲಕ್ಕೂ ಇದೇ ಕ್ರಮ. ಆದ್ರೆ ಒಂದು ಪ್ರಬಂಧದಲ್ಲಿ ಇಂಥವು ಮೂರು ಮೀರಬಾರದು, ಮೀರಿದ್ರೆ ಪದಕೋಶ ಓದಿದ ಹಾಗಾಗುತ್ತೆ.

ಬರೆದಾದ ಮೇಲೆ ಪೆನ್ಸಿಲ್ ತಗೊಂಡು ಈಸ್, ಆರ್, ವಾಸ್, ವರ್, ಹ್ಯಾಸ್, ದೇರ್ ಈಸ್ ಅನ್ನೋವಕ್ಕೆಲ್ಲ ಗೀಟು ಹಾಕಿಸಿ. ಹದಿನೈದು ವಾಕ್ಯದಲ್ಲಿ ಏಳಕ್ಕಿಂತ ಹೆಚ್ಚು ವಾಕ್ಯ ಇವುಗಳ ಮೇಲೇ ನಿಂತಿದ್ರೆ ಅರ್ಧದಷ್ಟನ್ನ ತಿರುಗಿಸಿ ಬರೀಬೇಕು. ‘ದೇರ್ ಈಸ್ ಎ ಕೆನಾಲ್ ನಿಯರ್ ಮೈ ಹೌಸ್’ ಅನ್ನೋದು ‘ಎ ಕೆನಾಲ್ ರನ್ಸ್ ಬಿಹೈಂಡ್ ಮೈ ಹೌಸ್’ ಆದ್ರೆ ಒಂದು ಪದವೂ ಹೆಚ್ಚಿಲ್ಲ, ನಾಲೆ ಮಾತ್ರ ಹರಿಯೋಕೆ ಶುರುವಾಯ್ತು.

ಮುಂದಿನದು ನಮ್ಮ ಕಡೆ ಮಕ್ಕಳಿಗೆ ವಿಶೇಷವಾಗಿ ಬೇಕಾದ್ದು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯೋದು ತಪ್ಪಲ್ಲ, ಆದ್ರೆ ಎಲ್ಲಿ ಕಾಲು ಜಾರುತ್ತೆ ಅಂತ ಗೊತ್ತಿರಬೇಕು. ನಾವು ‘ಎದ್ದು, ಮುಖ ತೊಳೆದು, ಹಾಲು ಕರೆದು, ಡೈರಿಗೆ ಹಾಕಿ ಬಂದೆ’ ಅಂತ ಒಂದೇ ಉಸಿರಲ್ಲಿ ಹೇಳ್ತೀವಿ. ಅದೇ ಇಂಗ್ಲಿಷಿಗೆ ಹೋದಾಗ ‘ಆಂಡ್ ದೆನ್, ಆಂಡ್ ದೆನ್’ ಆಗಿ ಎಳೆಯುತ್ತೆ. ಬಿಡಿಸೋದು ಸುಲಭ: ಮುಖ್ಯವಾದ ಒಂದು ಕೆಲಸ ಆರಿಸಿ ಅದಕ್ಕೆ ಸ್ವಂತ ವಾಕ್ಯ ಕೊಡಿ, ಹಿಂದಿನದನ್ನ ‘ಆಫ್ಟರ್ ಮಿಲ್ಕಿಂಗ್ ದ ಕೌ’ ಅಂತ ಮುಂದೆ ಹಾಕಿ, ಮುಖ ತೊಳೆದದ್ದನ್ನ ಬಿಟ್ಟೇಬಿಡಿ.

ಆದ್ರೆ ಈ ‘ಇಂಗ್’ ರೂಪದಲ್ಲಿ ಒಂದು ಹಳ್ಳ ಇದೆ. ‘ಕೊಪ್ಪರಿಗೆಯಲ್ಲಿ ಕುದಿಯುವಾಗ ಮಾವ ಹಾಲನ್ನ ತಿರುವಿದರು’ ಅಂದ್ರೆ ಕನ್ನಡದಲ್ಲಿ ಕುದಿಯೋದು ಹಾಲು ಅಂತ ಯಾರಿಗೂ ಅನುಮಾನ ಬರಲ್ಲ. ‘ಬಾಯ್ಲಿಂಗ್ ಇನ್ ದ ಪ್ಯಾನ್, ಮೈ ಅಂಕಲ್ ಸ್ಟರ್ಡ್ ದ ಜ್ಯೂಸ್’ ಅಂತ ಬರೆದ್ರೆ ಇಂಗ್ಲಿಷಿನಲ್ಲಿ ಕುದೀತಿರೋದು ಮಾವ. ಯಾಕಂದ್ರೆ ವಾಕ್ಯದ ಮೊದಲಿಗೆ ಬಂದ ‘ಇಂಗ್’ ತುಂಡು ಕಾಮಾದ ನಂತರ ಬರೋ ಕರ್ತೃವಿಗೇ ಅಂಟಿಕೊಳ್ಳುತ್ತೆ. ‘ಆಸ್ ದ ಜ್ಯೂಸ್ ಬಾಯ್ಲ್ಡ್, ಮೈ ಅಂಕಲ್ ಸ್ಟರ್ಡ್ ಇಟ್’ ಅಂದ್ರೆ ಸರಿಹೋಯ್ತು. ಪ್ರತಿ ‘ಇಂಗ್’ ಆರಂಭಕ್ಕೂ ‘ಈ ಕೆಲಸ ಮಾಡಿದ್ದು ಯಾರು’ ಅಂತ ಕೇಳಿಸಿ.

ಇನ್ನು ನಮ್ಮ ಒತ್ತಿನ ಏಕಾರ. ‘ಬೆಳಿಗ್ಗೆಯೇ ಹೋದೆ’ ಅನ್ನೋದು ‘ಐ ವೆಂಟ್ ಇನ್ ದ ಮಾರ್ನಿಂಗ್ ಓನ್ಲಿ’ ಆಗುತ್ತೆ. ಅಲ್ಲಿ ‘ಓನ್ಲಿ’ ತೆಗೆದು ಗಂಟೆ ಹಾಕಿ: ‘ಐ ವೆಂಟ್ ಅಟ್ ಸಿಕ್ಸ್’. ಒತ್ತು ತಾನಾಗೇ ಬರುತ್ತೆ. ‘ಬಿಸಿಬಿಸಿ ವಡೆ’ಗೆ ‘ಹಾಟ್ ಹಾಟ್ ವಡಾಸ್’ ಬೇಡ, ‘ವಡಾಸ್ ಸ್ಟ್ರೇಟ್ ಫ್ರಂ ದ ಆಯಿಲ್’ ಅಂದ್ರೆ ಬಾಯಲ್ಲಿ ನೀರೂ ಬರುತ್ತೆ. ‘ಸಿನ್ಸ್ ಟೂ ಇಯರ್ಸ್’ ಅಲ್ಲ, ‘ಫಾರ್ ಟೂ ಇಯರ್ಸ್’. ‘ಡಿಸ್ಕಸ್’ ಆದ ಮೇಲೆ ‘ಅಬೌಟ್’ ಬರಲ್ಲ. ‘ಒನ್ ಆಫ್ ಮೈ’ ಆದ ಮೇಲೆ ‘ಫ್ರೆಂಡ್ಸ್’, ಬಹುವಚನವೇ.

ಎ, ದ ಗೊಂದಲಕ್ಕೆ ಒಂದು ಮನೆಮದ್ದು. ಆ ಜಾಗದಲ್ಲಿ ಕನ್ನಡದಲ್ಲಿ ‘ಒಂದು’ ಅಥವಾ ‘ಒಬ್ಬ’ ಕೂರುತ್ತಾ ನೋಡಿ, ಕೂತ್ರೆ ‘ಎ’. ‘ಆ’ ಕೂತ್ರೆ ‘ದ’. ಒಂದು ಎತ್ತು ಬಂತು, ಆ ಎತ್ತು ನಿಂತಿತು: ಎ ಬುಲ್ ಕೇಮ್, ದ ಬುಲ್ ಸ್ಟಾಪ್ಡ್. ಎಲ್ಲಾ ಕಡೆ ಕೆಲಸ ಮಾಡಲ್ಲ, ಹೆಚ್ಚಿನ ಕಡೆ ಮಾಡುತ್ತೆ. ನದಿಗೆ ಯಾವಾಗಲೂ ‘ದ ಕಾವೇರಿ’, ಊರಿಗೆ ಬರೀ ‘ಮೈಸೂರು’ ಅನ್ನೋದನ್ನ ಮಾತ್ರ ನೆನಪಲ್ಲಿಟ್ಟುಕೊಳ್ಳಲಿ.

ಕಷ್ಟದ ಪದ ಬಾಯಿಪಾಠ ಯಾಕೆ ಬೇಡ ಅಂದೆ ಅಂದ್ರೆ, ಪದಗಳಿಗೆ ಜೊತೆ ಇರುತ್ತೆ. ನಾವು ‘ಜೋರು ಮಳೆ’ ಅಂತೀವಿ, ‘ದಪ್ಪ ಮಳೆ’ ಅನ್ನಲ್ಲ. ಇಂಗ್ಲಿಷಿನಲ್ಲಿ ‘ಹೆವಿ ರೈನ್’ ಆದ್ರೆ ‘ಸ್ಟ್ರಾಂಗ್ ವಿಂಡ್’. ಒಂಟಿ ಪದ ಕಲಿತ ಮಗು ‘ಜೈಗ್ಯಾಂಟಿಕ್ ರೈನ್’ ಅಂತ ಬರೆದುಬಿಡುತ್ತೆ. ಪದ ಕಲಿಯೋದಾದ್ರೆ ಎರಡು ಮೂರು ಪದದ ಗೊಂಚಲಾಗಿ ನೋಟ್‌ಬುಕ್ಕಿಗೆ ಇಳಿಸಲಿ, ದಿನಕ್ಕೆ ಮೂರು ಸಾಕು. ಕೊಟೇಶನ್ ವಿಷಯದಲ್ಲೂ ಅಷ್ಟೇ: ಯಾರೋ ಹೇಳಿದ್ದನ್ನ ಇನ್ಯಾರದೋ ಹೆಸರಿಗೆ ಹಾಕೋದೇ ಹೆಚ್ಚು, ಅದೂ ಪ್ರಬಂಧದ ಮೊದಲ ಸಾಲಲ್ಲೇ. ಸರ್, ನಿಮ್ಮ ಮಾತನ್ನ ತಳ್ಳಿಹಾಕ್ತಿಲ್ಲ. ವಿಷಯಕ್ಕೆ ನೇರವಾಗಿ ತಾಗೋ ಒಂದು ಮಾತು ನಡುವೆ ಬಂದ್ರೆ ಚೆನ್ನಾಗೇ ಇರುತ್ತೆ, ಎಲ್ಲಾ ಪ್ರಬಂಧಕ್ಕೂ ಒಂದೇ ಮಾತು ಅಂಟಿಸಿದಾಗ ಮಾತ್ರ ಕೆಡುತ್ತೆ.

ಪರೀಕ್ಷೆಯಲ್ಲಿ ಬರೋದು ಹಳ್ಳಿ, ಹಬ್ಬ ಮಾತ್ರ ಅಲ್ಲ. ‘ನೀರಿನ ಸಂರಕ್ಷಣೆ’, ‘ಮೊಬೈಲ್ ವರವೋ ಶಾಪವೋ’ ಥರದ್ದೂ ಬರುತ್ತೆ. ಇಲ್ಲೂ ಊರಿನಿಂದಲೇ ಹೊರಡಬಹುದು. ನೀರು ಅಂದ ಕೂಡಲೇ ‘ವಾಟರ್ ಈಸ್ ಲೈಫ್’ ಬೇಡ. ಕೆಆರ್‌ಎಸ್ ಅಣೆಕಟ್ಟು ತುಂಬೋ ಮಟ್ಟ 124.80 ಅಡಿ, ಮಳೆಗಾಲದಲ್ಲಿ ಮಂಡ್ಯದ ಪ್ರತಿ ಟೀ ಅಂಗಡಿಯಲ್ಲೂ ಆ ಅಂಕಿ ಕೇಳಿಸುತ್ತೆ. ಆ ಸಂಖ್ಯೆಯಿಂದ ಶುರು ಮಾಡಲಿ. ಆಮೇಲೆ ಹೋಲಿಕೆ: ಕಬ್ಬು ಗದ್ದೆಯಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಇರುತ್ತೆ, ಬೆಳೆ ಪೂರ್ತಿ ಸುಮಾರು 1,500ರಿಂದ 2,500 ಮಿಲಿಮೀಟರ್ ನೀರು ಕೇಳುತ್ತೆ, ರಾಗಿ ನಾಲ್ಕು ತಿಂಗಳಲ್ಲಿ, ಬಹುಪಾಲು ಮಳೆ ನೀರಲ್ಲೇ ಕೊಯ್ಲಿಗೆ ಬರುತ್ತೆ. ಈ ಎರಡು ಬೆಳೆ ಪಕ್ಕಪಕ್ಕ ಬಂದ್ರೆ ನೀರು ಉಳಿಸಬೇಕು ಅನ್ನೋ ವಾದ ತಾನಾಗೇ ಗಟ್ಟಿಯಾಗುತ್ತೆ. ಎದುರಿನ ಮಾತಿಗೂ ಒಂದು ವಾಕ್ಯ ಕೊಡಬೇಕು: ‘ಇಟ್ ಈಸ್ ಟ್ರೂ ದ್ಯಾಟ್ ಕೇನ್ ಪೇಸ್ ಬೆಟರ್, ಬಟ್’ ಅಂತ ಒಪ್ಪಿಕೊಂಡು ಮುಂದೆ ಹೋದ್ರೆ ಓದೋರಿಗೆ ನಂಬಿಕೆ ಬರುತ್ತೆ. ವರವೂ ಹೌದು ಶಾಪವೂ ಹೌದು ಅಂತ ಎರಡು ಕಡೆ ಕಾಲಿಟ್ಟ ಪ್ರಬಂಧ ಎಲ್ಲೂ ತಲುಪಲ್ಲ.

ಅಂಕಿ ಬಳಸೋವಾಗ ಒಂದು ಎಚ್ಚರ. ದಸರಾ ಬಗ್ಗೆ ಬರೆಯೋ ಮಕ್ಕಳು ‘ದ ಗೋಲ್ಡನ್ ಹೌಡಾ ವೇಯ್ಸ್ 750 ಕೆಜಿ. ದ ಪ್ಯಾಲೇಸ್ ವಾಸ್ ಕಂಪ್ಲೀಟೆಡ್ ಇನ್ 1912’ ಅಂತ ಸಾಮಾನ್ಯ ಜ್ಞಾನದ ಪುಸ್ತಕದ ಹಾಗೆ ಉದುರಿಸ್ತಾರೆ. ಅಂಕಿಗೆ ಕೆಲಸ ಕೊಡಬೇಕು. ಜಂಬೂ ಸವಾರಿಗೆ ವಾರಗಟ್ಟಲೆ ಮೊದಲೇ ಆನೆ ಬೆನ್ನ ಮೇಲೆ ಮರಳು ಮೂಟೆ ಹೊರಿಸಿ, ತೂಕ ಏರಿಸ್ತಾ ಏರಿಸ್ತಾ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಸ್ತಾರೆ. ಯಾಕೆ ಅಂದ್ರೆ ದಸರೆ ದಿನ 750 ಕಿಲೋ ಅಂಬಾರಿ ಹೊತ್ತು ಸುಮಾರು ಐದು ಕಿಲೋಮೀಟರ್ ನಡೀಬೇಕು. ಮರಳು ಮೂಟೆ ಮೊದಲು ಬಂದು, 750 ಆಮೇಲೆ ಬಂದ್ರೆ ಆ ಅಂಕಿಯ ಭಾರ ಓದೋರ ಬೆನ್ನಿಗೂ ತಾಗುತ್ತೆ.

ಸಮಯ ಹಂಚಿಕೆ: ಇಪ್ಪತ್ತು ನಿಮಿಷ ಇದ್ರೆ ನಾಲ್ಕು ನಿಮಿಷ ಪಟ್ಟಿಗೆ, ಹನ್ನೆರಡು ಬರೆಯೋಕೆ, ನಾಲ್ಕು ತಿದ್ದೋಕೆ. ಪಟ್ಟಿಯ ನಾಲ್ಕು ನಿಮಿಷ ಉಳಿಸೋಕೆ ಹೋದವರೇ ನಡುವೆ ಪೆನ್ನು ಕಚ್ಚಿಕೊಂಡು ಕೂರೋದು. ಕೊನೆಯ ಪ್ಯಾರಾಗೆ ‘ದಸ್ ವಿ ಕ್ಯಾನ್ ಸೇ’ ಬೇಡ. ಆರಂಭದಲ್ಲಿ ಬಂದ ವಸ್ತುವಿಗೇ ವಾಪಸ್ ಹೋಗಲಿ: ಗಾಣ ನಿಂತಿದ್ದರಿಂದ ಶುರುವಾದ ಪ್ರಬಂಧ ಅಚ್ಚಿನಲ್ಲಿ ಬೆಲ್ಲ ಗಟ್ಟಿಯಾಗೋದರಲ್ಲಿ ಮುಗೀಬಹುದು. ಎರಡು ವಾಕ್ಯ ಸಾಕು.

ಓದೋಕೆ ದೂರದ ದಪ್ಪ ಪುಸ್ತಕ ಬೇಡ. ಮೈಸೂರಿನಿಂದಲೇ ಬರೋ ಇಂಗ್ಲಿಷ್ ಸಂಜೆ ಪತ್ರಿಕೆ ‘ಸ್ಟಾರ್ ಆಫ್ ಮೈಸೂರ್’ನಲ್ಲಿ ದಿನಕ್ಕೊಂದು ಪ್ಯಾರಾ ಓದಲಿ. ಜಾಗ, ವಿಷಯ ಗೊತ್ತಿದ್ದದ್ದೇ ಆದ್ದರಿಂದ ಹೊಸದಾಗಿ ಹಿಡಿಯಬೇಕಾದ್ದು ಭಾಷೆ ಮಾತ್ರ. ಓದಿ, ಮುಚ್ಚಿಟ್ಟು, ನೆನಪಿಂದ ಬರೆದು, ಮೂಲದ ಪಕ್ಕ ಇಟ್ಟು ನೋಡಲಿ. ಎಲ್ಲಿ ‘ದ’ ಬಿಟ್ಟುಹೋಯ್ತು, ಯಾವ ಕ್ರಿಯಾಪದ ಸಪ್ಪೆಯಾಯ್ತು ಅಂತ ಅವಳಿಗೇ ಕಾಣಿಸುತ್ತೆ. ವಾರಕ್ಕೆ ಐದು ಹೊಸ ಪ್ರಬಂಧಕ್ಕಿಂತ ಒಂದನ್ನೇ ಮೂರು ಸಲ ತಿದ್ದಿ ಬರೆಯೋದು ಹೆಚ್ಚು ಕಲಿಸುತ್ತೆ.

ನೀವು ಹೇಗೆ ಸಹಾಯ ಮಾಡಬಹುದು ಅಂತ ಕೇಳಿದ್ರಲ್ಲ ಅಕ್ಕಾ. ಇಂಗ್ಲಿಷ್ ಬರದಿರೋದು ಇಲ್ಲಿ ಅನುಕೂಲವೇ. ಬರೆದದ್ದನ್ನ ಒಂದೊಂದೇ ವಾಕ್ಯ ಕನ್ನಡದಲ್ಲಿ ನಿಮಗೆ ಹೇಳಲಿ. ನಿಮಗೆ ಚಿತ್ರ ಕಾಣಿಸದ ಕಡೆ ನಿಲ್ಲಿಸಿ ‘ಯಾರು? ಎಷ್ಟು? ಯಾವಾಗ? ಆಮೇಲೆ ಏನಾಯ್ತು?’ ಅಂತ ಕೇಳಿ. ನೀವು ಪ್ರಶ್ನೆ ಕೇಳಿದ ಪ್ರತಿ ಜಾಗಕ್ಕೂ ಅಂಚಿನಲ್ಲಿ ಒಂದು ಚುಕ್ಕಿ ಇಡಲಿ. ಅಲ್ಲೇ ಅವಳು ತಿದ್ದಬೇಕಾದ್ದು. ಕಬ್ಬಿನ ಹಾಲಿಗೆ ಸುಣ್ಣ ಎಷ್ಟು ಹಾಕ್ತಾರೆ, ಪಾಕ ಯಾವಾಗ ಇಳಿಸ್ತಾರೆ ಅನ್ನೋದು ಅವಳಿಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತೆ, ಅದನ್ನ ಹೇಳಿಕೊಡಿ.

ಈ ವಾರ ಮೊದಲ ಪ್ಯಾರಾ ಒಂದನ್ನೇ ಹೊಸದಾಗಿ ಬರೆಸಿ, ಪೆನ್ಸಿಲ್ ಗೀಟು, ಚುಕ್ಕಿ ಎಲ್ಲಾ ಇರೋ ಹಾಗೇ ಫೋಟೋ ತೆಗೆದು ಇಲ್ಲಿ ಹಾಕಿ. ನೀಟಾಗಿ ಪ್ರತಿ ತೆಗೆಯೋದು ಬೇಡ, ತಿದ್ದಿದ ಪ್ರತಿಯೇ ಬೇಕು.