ಮಲಗಿದವರ ಕಣ್ಣಿಗೆ ಕಾಣುವ ಗೋಡೆ

ಮಾನ್ಯರೆ,

ತಮ್ಮ ತಾಯಿಯವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ನಡೆಯುತ್ತಿದೆಯೆಂದೂ, ಪ್ರತಿ ಸಲ ನಾಲ್ಕು ಗಂಟೆ ಅವರ ಕಣ್ಣೆದುರು ಇರುವುದು ಬಣ್ಣ ಮಾಸಿದ ಗೋಡೆ ಮತ್ತು ಮೂತ್ರಪಿಂಡ ವೈಫಲ್ಯದ ಲಕ್ಷಣಗಳನ್ನು ಸಾರುವ ಒಂದು ಭಿತ್ತಿಪತ್ರ ಮಾತ್ರವೆಂದೂ ಬರೆದಿದ್ದೀರಿ. ಆ ಕೊಠಡಿಗೆ ಚಿತ್ರಗಳನ್ನು ಕೊಡಲು ಮುಂದಾಗಿರುವ ತಮ್ಮ ಸಂಘದಲ್ಲಿ ಕೆಲವರು ನವ್ಯ ಚಿತ್ರಗಳನ್ನೂ ಕೆಲವರು ದೇವರ ಪಟಗಳನ್ನೂ ಸೂಚಿಸಿದ್ದಾರೆ. ಯಾವುದು ಸರಿ, ಇದರಿಂದ ರೋಗಿಗೆ ನಿಜವಾಗಿ ಉಪಯೋಗವುಂಟೇ ಎಂದು ಕೇಳಿದ್ದೀರಿ.

ಉಪಯೋಗವುಂಟು, ಆದರೆ ಯಾವ ಚಿತ್ರವಾದರೂ ಆದೀತು ಎನ್ನುವಂತಿಲ್ಲ. ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಮಂದಿಯ ದಾಖಲೆಗಳನ್ನು ಹೋಲಿಸಿದ್ದರು. ಕಿಟಕಿಯಾಚೆ ಮರಗಳು ಕಾಣುತ್ತಿದ್ದವರು, ಬರಿಯ ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ಪ್ರಬಲವಾದ ನೋವು ನಿವಾರಕಗಳೂ ಅವರಿಗೆ ಕಡಿಮೆ ಬೇಕಾಗಿದ್ದವು. ಅದು ಕಿಟಕಿಯ ಮಾತು. ತಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು ಅವರೇ ಸಂಗಡಿಗರೊಂದಿಗೆ ಸ್ವೀಡನ್ನಿನ ಉಪ್ಸಾಲಾದಲ್ಲಿ, ಹೃದಯ ಶಸ್ತ್ರಚಿಕಿತ್ಸೆಯಾದ 160 ಮಂದಿಯ ಹಾಸಿಗೆಯೆದುರು ಬಗೆಬಗೆಯ ಚಿತ್ರಗಳನ್ನಿಟ್ಟು ನಡೆಸಿದ ಪರೀಕ್ಷೆ. ಮರಗಳ ನಡುವೆ ತೆರೆದ ನೀರು ಕಾಣುವ ಚಿತ್ರ ನೋಡಿದವರಲ್ಲಿ ಕಳವಳ ಕಡಿಮೆಯಿತ್ತು. ನೇರ ಗೆರೆಗಳ ಅಮೂರ್ತ ಚಿತ್ರ, ಅಂದರೆ ಯಾವ ವಸ್ತುವನ್ನೂ ಹೋಲದ ನವ್ಯ ಚಿತ್ರ ನೋಡಿದವರಲ್ಲಿ ಕಳವಳ ಯಾವ ಚಿತ್ರವೂ ಇಲ್ಲದವರಿಗಿಂತ ಹೆಚ್ಚಾಗಿತ್ತು. ಆರೋಗ್ಯವಂತರಾಗಿ ಚಿತ್ರ ಪ್ರದರ್ಶನದಲ್ಲಿ ನಿಂತು ಸವಿಯುವ ಚಿತ್ರವನ್ನು, ತೋಳಿಗೆ ಸೂಜಿ ಚುಚ್ಚಿಸಿಕೊಂಡು ಎದ್ದು ಹೋಗಲಾರದೆ ಮಲಗಿದವರು ಅದೇ ಕಣ್ಣಿನಿಂದ ನೋಡಲಾರರು ಎಂಬುದು ನನ್ನ ಗಟ್ಟಿ ನಂಬಿಕೆ.

ಆದ್ದರಿಂದ ಕೆರೆಯ ಏರಿ, ಶರಾವತಿಯ ಹಿನ್ನೀರು, ಅಡಿಕೆ ತೋಟದ ತಂಪು, ಇಂಥವನ್ನು ಆರಿಸಿರಿ. ತಮ್ಮ ಮಲೆನಾಡಿನ ದೀವರ ಸಮುದಾಯದವರ ಮನೆಗಳಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುವ ಹಸೆ ಚಿತ್ತಾರದಲ್ಲಿಯೂ ನೇರ ಗೆರೆಗಳೇ ಇವೆಯಲ್ಲ ಎಂದು ಯಾರಾದರೂ ಕೇಳಬಹುದು. ಅದನ್ನು ನೋಡುತ್ತ ಬೆಳೆದವರಿಗೆ ಅದು ಬಿಡಿಸಲಾಗದ ಒಗಟಲ್ಲ, ಮದುವೆಮನೆಯ ನೆನಪು. ಅಂಥ ಒಂದು ಚಿತ್ರವಿದ್ದರೆ ನಾನಂತೂ ಸಂತೋಷಪಡುತ್ತೇನೆ. ದೇವರ ಪಟದ ವಿಷಯದಲ್ಲಿ, ಒಂದೇ ಹಾಸಿಗೆಗೆ ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಬೇರೆ ನಂಬಿಕೆಯ ಇನ್ನೊಬ್ಬರು ಬರುತ್ತಾರೆ ಎಂಬುದನ್ನು ನೆನೆಯಬೇಕು. ಬೇಕಾದವರು ಸಣ್ಣ ಪಟವೊಂದನ್ನು ತಮ್ಮೊಡನೆ ತರಲಿ.

ಚಿತ್ರವನ್ನು ಎಲ್ಲಿ ಹಾಕುತ್ತೀರಿ ಎಂಬುದನ್ನು ನಾವು ಮರೆಯುವುದೇ ಹೆಚ್ಚು. ಫಿನ್ಲೆಂಡಿನ ಪೈಮಿಯೊದಲ್ಲಿ 1933ರಲ್ಲಿ ಸಿದ್ಧವಾದ ಕ್ಷಯರೋಗಿಗಳ ಆಸ್ಪತ್ರೆಯಲ್ಲಿ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಅವರು, ಮಲಗಿದವರು ನೋಡುವುದು ಚಾವಣಿಯನ್ನೇ ಎಂದು ಅದಕ್ಕೆ ಕಣ್ಣಿಗೆ ಹಿತವಾದ ಹಸಿರು ಬಣ್ಣ ಬಳಿಸಿ, ದೀಪವು ರೋಗಿಯ ಕಣ್ಣು ಕುಕ್ಕದ ಹಾಗೆ ಇಡಿಸಿದ್ದರು. ತಾವೂ ಖಾಲಿ ಹಾಸಿಗೆಯೊಂದರ ಮೇಲೆ ಹತ್ತು ನಿಮಿಷ ಮಲಗಿ ನೋಡಿ ಜಾಗವನ್ನು ಗುರುತಿಸಿರಿ. ಗಾಜಿನ ಚೌಕಟ್ಟು ಟ್ಯೂಬ್‌ಲೈಟನ್ನು ಪ್ರತಿಫಲಿಸುತ್ತದೆ. ಬಟ್ಟೆಯ ಮೇಲಿನ ಚಿತ್ರವನ್ನು ಸೋಂಕುನಿವಾರಕದಿಂದ ಒರೆಸಲಾಗದು. ಹೊಳಪಿಲ್ಲದ, ಒರೆಸಲು ಬರುವ ಹಲಗೆಯ ಮೇಲೆ ಮುದ್ರಿಸಿರಿ. ಎಲ್ಲಕ್ಕೂ ಮೊದಲು ಅಲ್ಲಿನ ನರ್ಸ್‌ಗಳನ್ನೂ ರೋಗಿಗಳನ್ನೂ ಕೇಳಿರಿ. ದಾನಿಗಳ ಹೆಸರು ಹಿಂಬದಿಯಲ್ಲಿದ್ದರೆ ಸಾಕು.

ಆ ಭಿತ್ತಿಪತ್ರವನ್ನು ಹೊರರೋಗಿ ವಿಭಾಗದ ಗೋಡೆಗೆ ಸಾಗಿಸುವಂತೆ ವೈದ್ಯಾಧಿಕಾರಿಗಳನ್ನು ವಿನಂತಿಸಿಕೊಳ್ಳಿರಿ. ಅದರಲ್ಲಿನ ಎಚ್ಚರಿಕೆ ಬೇಕಾದವರು ಅಲ್ಲಿ ಸರದಿಗೆ ಕಾದಿರುತ್ತಾರೆ. ತಮ್ಮ ತಾಯಿಯವರಿಗೆ ಅದು ಬೇಕಾಗಿಲ್ಲ.

– ಸಂಪಾದಕ